ಕರಿ ಪರದೆಯ ಶಿವಕಾಂತಾ ಬಾಯಾರು

ದೀಪ ಹೋದರೂ ನಿಲ್ಲದ ಬೆರಳುಗಳನ್ನು ನಾನು ಒಬ್ಬರಲ್ಲಿ ಮಾತ್ರ ಕಂಡಿದ್ದೇನೆ. ಕರೆಂಟು ಹೋದೊಡನೆ ಭಾಲ್ಕಿಯ ಪೇಟೆಗೆ ಪೇಟೆಯೇ "ಹೋಯ್ತ್ ನೋಡ್ರಿ" ಎಂದು ಉಸಿರು ಬಿಟ್ಟು ಅಂಗಡಿಯ ಕಟ್ಟೆಗೆ ಬಂದು ಕೂಡುವ ಹೊತ್ತಿಗೆ, ಸ್ಟೇಷನ್ ರಸ್ತೆಯ ಹಳೇ ಮಾಳಿಗೆಯೊಂದರ ಮೇಲೆ, ಬಿಸಿಲಿಗೆ ಅಂಜಿ ಕಿಟಕಿಗೆಲ್ಲ ಗೋಣಿತಟ್ಟು ಇಳಿಬಿಟ್ಟ ಕೋಣೆಯ ಗವ್ವೆನ್ನುವ ಕತ್ತಲಲ್ಲಿ, ಶಿವಕಾಂತಾ ಬಾಯಾರ ಬೆರಳುಗಳು ಅರ್ಧಕ್ಕೆ ಬಿಟ್ಟ ಪದವನ್ನು ಪೂರ್ತಿ ಮಾಡಿ, ಪೂರ್ಣವಿರಾಮ ಇಟ್ಟು, ಮುಂದಿನ ವಾಕ್ಯಕ್ಕೆ ನಡೆದಿರುತ್ತಿದ್ದವು. ಇನ್ವರ್ಟರಿನ ಶಕ್ತಿ ಯಂತ್ರಗಳಿಗಷ್ಟೇ, ದೀಪಕ್ಕಿಲ್ಲ ಎಂಬುದು ಅವರು ತಾವೇ ಮಾಡಿದ ಕಟ್ಟಳೆ. "ಬೆಳಕು ಹಾಳಿಗಿ ಬೇಕ್ರಿ ಮಾಸ್ತರ, ಬೆರಳಿಗಿ ಯಾಕ?" ಎಂದು ಅವರು ನನ್ನನ್ನೇ ತಿರುಗಿ ಕೇಳಿದ್ದರು. ನಾನು ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನನ್ನ ಅಕ್ಷರ ನನಗೇ ತಿಳಿಯದಂಥದು, ಅದನ್ನು ಓದಿ ಬೆರಳಚ್ಚು ಮಾಡಬಲ್ಲ ಪುಣ್ಯಾತ್ಮರು ಜಿಲ್ಲೆಗೆಲ್ಲ ಅವರೊಬ್ಬರೇ ಆದ್ದರಿಂದ, ಕೈಯಲ್ಲಿ ಹಾಳೆಯ ಕಟ್ಟು ಹಿಡಿದು ಆ ಮಾಳಿಗೆಯ ಕಡಿದಾದ ಮೆಟ್ಟಿಲನ್ನು ಏದುತ್ತ ಹತ್ತಿದ ದಿನಗಳು ಲೆಕ್ಕಕ್ಕಿಲ್ಲ.

ಕುಳ್ಳ ದೇಹ, ಹಣೆತುಂಬ ವಿಭೂತಿ, ಕಚ್ಚೆಯ ಸೀರೆ, ಅದರ ಮೇಲೆ ಗಂಡಸರ ಕಂದು ಕೋಟು. ಕೋಟು ರೈಲ್ವೆಯದು, ಟಿಕೆಟ್ ಕೊಡುವ ಕೆಲಸದಿಂದ ನಿವೃತ್ತರಾದ ಅವರ ಯಜಮಾನರು ಮಡೆಪ್ಪನವರದು. "ನಾನು ರಿಟೈರ್ ಆದೆ, ನನ್ನ ಕೋಟಿಗಿ ಇನ್ನಾ ನೌಕರಿ ಅದ ನೋಡ್ರಿ" ಎಂದು ಆ ದೊಡ್ಡ ಮನುಷ್ಯ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಬಾಯಾರಿಗೆ ಬೇಕಾಗಿದ್ದುದು ಕೋಟಲ್ಲ, ಅದರ ಜೇಬುಗಳು: ಒಂದರಲ್ಲಿ ತಿರುಪುಳಿ, ಇನ್ನೊಂದರಲ್ಲಿ ಧೂಳು ಒರೆಸುವ ಅರಿವೆ, ಮತ್ತೊಂದರಲ್ಲಿ ಹುರಿಗಡಲೆ. ನಡೆಯುವಾಗ ಎಡಗೈಯಿಂದ ಗೋಡೆಯನ್ನು ಸವರಿಕೊಂಡು ನಡೆಯುವುದು ಅವರ ರೂಢಿ. ಕಣ್ಣು ಮಂದವಾಗಿತ್ತೆಂದು ತಿಳಿಯಬೇಡಿ. ಸೂಜಿಗೆ ದಾರ ಪೋಣಿಸುವ ಕಣ್ಣುಗಳು ಅವು. ತಾವಿರುವ ಜಾಗವನ್ನು ಕೈಯಿಂದಲೂ ಕಲಿತಿಟ್ಟುಕೊಳ್ಳಬೇಕೆಂಬ ಹಟ, ಅಷ್ಟೆ. ಯಾರಾದರೂ ಏನನ್ನಾದರೂ ಕಳೆದುಕೊಂಡು ಗಾಬರಿಯಾಗಿ ಬಂದರೆ, ಅದು ಬೀಗದ ಕೈಯಾಗಲಿ, ಟೈಪು ಮಾಡಿದ ಪುಟವಾಗಲಿ, ಅವರ ಬಾಯಿಂದ ಬರುವ ಮೊದಲ ಮಾತು ಒಂದೇ: "ಎಲ್ಲಿ ಹೋಗ್ತದ್ರಿ? ಒಳಗೇ ಅದ."

ಮೊದಲು ಅದು ಟೈಪಿಂಗ್ ಸಾಲೆ. ಕಬ್ಬಿಣದ ಯಂತ್ರಗಳ ಕಾಲದಲ್ಲಿ ಕೀಲಿಮಣೆಯ ಮೇಲೆ ಬಟ್ಟೆ ಹೊದಿಸಿ, ಕೆಳಗೆ ಕೈ ತೂರಿಸಿ, ಕಣ್ಣನ್ನು ಹಾಳೆಯ ಮೇಲಷ್ಟೇ ಇಡಿಸಿ ಕಲಿಸಿದವರು, ಕಂಪ್ಯೂಟರು ಬಂದ ಮೇಲೂ ಬಟ್ಟೆಯನ್ನು ತೆಗೆಯಲಿಲ್ಲ. ಮೌಸಿಗಂತೂ ಕೂಸಿನ ಕುಲಾಯಿ ಹೊಲಿದು ತೊಡಿಸಿ, ಕಿವಿಮುಚ್ಚಿ ದಾರ ಕಟ್ಟಿ, ಹೊಸದಾಗಿ ಸೇರಿದವರು ಅದನ್ನು ಮುಟ್ಟದಂತೆ ಮಾಡಿದ್ದರು. ಬೀದರಿನಿಂದ ಬರುತ್ತಿದ್ದ ಕಂಪ್ಯೂಟರ್ ರಿಪೇರಿಯ ನಿಜಾಮೋದ್ದೀನ, ವೈರಸ್ಸು ಹತ್ತಿ ಹತ್ತಿ ಸುಸ್ತಾದ ಅವರ ಯಂತ್ರಗಳಿಗೆ ಒಂದು ದಿನ ಲಿನಕ್ಸ್ ಹಾಕಿಕೊಟ್ಟ. ಹಾಕಿಕೊಟ್ಟು, ಹೋಗುವ ಮುಂಚೆ, ಮೂರು ಗುಂಡಿ ಒಟ್ಟಿಗೆ ಒತ್ತಿ ತೋರಿಸಿದ: ಬಣ್ಣಬಣ್ಣದ ಚಿತ್ರಗಳ ಪರದೆ ಸರಿದು ಹೋಯಿತು, ಕರ್ರಗಿನ ಪುಟವೊಂದು ಬಂತು, ಅದರ ಮೂಲೆಯಲ್ಲಿ ಸಣ್ಣ ಗೆರೆಯೊಂದು ಮಿನುಗುತ್ತ ನಿಂತಿತು. ಮತ್ತೆ ಮೂರು ಗುಂಡಿ ಒತ್ತಿದ, ಬಣ್ಣ ಬಂತು. ಬಾಯಾರು ಬಾಯಿ ತೆರೆದು ನೋಡಿದರಂತೆ. "ನಿಲ್ಲಪ್ಪಾ, ಇನ್ನೊಮ್ಮಿ ಮಾಡು" ಎಂದು ಸಂಜೆಯತನಕ ಅವನನ್ನು ಬಿಡಲಿಲ್ಲವಂತೆ. ಅವನ ಬೀದರ ಬಸ್ಸು ತಪ್ಪಿತು.

ಅವರು ಆ ಎರಡು ಮುಖಗಳಿಗೆ ತಮ್ಮ ಮನೆಯ ಹೆಸರನ್ನೇ ಇಟ್ಟರು. ಬಣ್ಣದ್ದು ಪಡಸಾಲಿ, ಕಪ್ಪನೆಯದು ಅಡಿಗಿಮನಿ. "ಪಡಸಾಲ್ಯಾಗ ಬಂದವರು ಕೂಡ್ತಾರ, ಚಂದ ಕಾಣ್ಬೇಕು, ಕುರ್ಚಿ ಹಾಕಿರ್ಬೇಕು. ರೊಟ್ಟಿ ಬಡಿಯೋದು ಒಳಗ. ಹೊರಗ ಬಾಗಿಲಾ ಜಾಮ್ ಆಗ್ಯಾದಂತ ಒಳಗ ಒಲಿ ಆರ್ತದೇನು?" ಎಂದು ಪಾಠ ಶುರುಮಾಡುವರು. ಪರದೆ ಹಟ ಹಿಡಿದು ನಿಂತಾಗ, ಮೌಸಿನ ಬಾಣ ಅಲುಗದೆ ಸತ್ತಂತೆ ಬಿದ್ದಾಗ, ಹುಡುಗಿಯರು ಅಯ್ಯೋ ಅನ್ನುವುದರೊಳಗೆ ಬಾಯಾರು ಕರಿ ಪುಟದ ಒಳಮನೆಗೆ ಹೋಗಿ, ಒಂದು ಸಾಲು ಬರೆದು, ಕೆಟ್ಟು ನಿಂತಿದ್ದನ್ನು ಎಬ್ಬಿಸಿಯೋ ಮಲಗಿಸಿಯೋ ಹೊರಗೆ ಬಂದಿರುತ್ತಿದ್ದರು. ಹೋದದ್ದು ಬಂದದ್ದು ಕಾಣುತ್ತಿತ್ತು, ಮಾಡಿದ್ದು ಕಾಣುತ್ತಿರಲಿಲ್ಲ. ಹಾಗೆಂದು ಅವರೇನು ಪಡಸಾಲೆಯನ್ನು ತಾತ್ಸಾರ ಮಾಡುವ ಸನ್ಯಾಸಿನಿಯಲ್ಲ. ಮಧ್ಯಾಹ್ನ ತರಗತಿ ಖಾಲಿಯಾದಾಗ, ಬಾಗಿಲು ಮುಂದೆ ಮಾಡಿ, ಮೌಸಿನ ಕುಲಾಯಿ ಬಿಚ್ಚಿ, ಪರದೆಯ ಮೇಲೆ ಇಸ್ಪೀಟು ಆಡುತ್ತ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನನ್ನು ಕಂಡು "ಹೊರಗ ಹೇಳಬ್ಯಾಡ್ರಿ, ಇಷ್ಟಲಿಂಗದ ಆಣಿ" ಎಂದು ಕೈಮುಗಿದರು. ಇಗೋ ಇಂದು ಹೇಳಿಬಿಟ್ಟೆ.

ಮಳೆ ಮುಖ ತಿರುವಿದ ವರ್ಷಗಳವು. ಕಾರಂಜಾ ಜಲಾಶಯದ ನೀರು ತಳ ಸೇರಿ, ಪೇಟೆಗೆ ಟ್ಯಾಂಕರು ಬಂದರೆ ಹಬ್ಬ ಬಂದಂತೆ ಜನ ಓಡುತ್ತಿದ್ದರು. ದಸರೆ ಕಳೆದೊಡನೆ ಹಲಬರ್ಗಾ, ಭಾತಂಬ್ರಾ ಕಡೆಯ ಓಣಿಗಳಿಗೆ ಲಾರಿಗಳು ಬಂದು ನಿಲ್ಲುವುವು; ಕಬ್ಬು ಕಡಿಯಲು ಕೊಲ್ಲಾಪುರ, ಸಾಂಗ್ಲಿಯ ಸೀಮೆಗೆ ಜನರನ್ನು ತುಂಬಿಕೊಂಡು ಹೋಗುವುವು. ಆ ಕೆಲಸಕ್ಕೆ ಒಬ್ಬಂಟಿ ಆಳನ್ನು ಒಯ್ಯುವುದಿಲ್ಲ. ಕಡಿಯುವವರೊಬ್ಬರು, ಕಟ್ಟಿ ಹೊರುವವರೊಬ್ಬರು, ಹೀಗೆ ಜೋಡಿ ಬೇಕು. ಆ ಜೋಡಿಗೇ 'ಕೊಯ್ತಾ' ಎಂದು ಹೆಸರು, ಅವರ ಕೈಯ ಕತ್ತಿಗೂ ಅದೇ ಹೆಸರು. ಗಂಡ ಹೋದರೆ ಹೆಂಡತಿಯೂ ಹೋಗಬೇಕು, ಹೆಂಡತಿ ಹೋದರೆ ಕಂಕುಳ ಕೂಸೂ ಹೋಗಬೇಕು.

ಹಲಬರ್ಗಾದ ಸುಭದ್ರಾಬಾಯಿ ಹೀಗೆ ಹೋಗಬೇಕಾದವಳು. ಗಂಡ ಮಚ್ಛೇಂದ್ರ, ಅತ್ತೆ ಶಾಲುಬಾಯಿ, ಸಾಲೆಗೆ ಹೋಗುವ ಒಬ್ಬಳು ಮಗಳು. ಹತ್ತನೇ ಇಯತ್ತೆ ಮುಗಿಸಿದ್ದ ಸೊಸೆಯನ್ನು ಟೈಪಿಂಗ್ ಕಲಿಯಲು ಹಟಮಾಡಿ ಬಾಯಾರ ಮಾಳಿಗೆಗೆ ತಂದು ಬಿಟ್ಟವಳು ಅತ್ತೆಯೇ. "ಜೈಭೀಮ್ ರಿ ಬಾಯಾರ. ಇಕಿ ಕೈಯಾಗ ಕೊಯ್ತಾ ಬ್ಯಾಡ, ಏನಾರ ಬ್ಯಾರೆ ಕೊಡ್ರಿ" ಎಂದು ಮೊದಲ ದಿನವೇ ಹೇಳಿದ್ದಳು. ಸುಭದ್ರೆಯದು ದೇವರು ಕೊಟ್ಟ ಕೈ. ಬಟ್ಟೆಯ ಕೆಳಗೆ ಅವಳ ಬೆರಳು ಓಡುವುದನ್ನು ಕೇಳುತ್ತ ಬಾಯಾರು ಕಣ್ಣುಮುಚ್ಚಿ ಕೂಡುತ್ತಿದ್ದರು. ಆ ವರ್ಷ ಬೀದರಿನ ಸಹಕಾರಿ ಸಂಘವೊಂದು ಕನ್ನಡ ಬೆರಳಚ್ಚು ಬಲ್ಲವರೊಬ್ಬರನ್ನು ನೌಕರಿಗೆ ತೆಗೆದುಕೊಳ್ಳುವುದಾಗಿ ತಿಳಿಸಿ, ಪರೀಕ್ಷೆಗೆ ಬಾಯಾರ ಸಾಲೆಯನ್ನೇ ಆರಿಸಿತು. ಪರೀಕ್ಷೆಯ ದಿನ ಸಂಜೆಗೇ ಹಲಬರ್ಗಾದ ಲಾರಿ ಹೊರಡುವುದಿತ್ತು. ನೌಕರಿ ಸಿಕ್ಕರೆ ಸುಭದ್ರೆ ಉಳಿಯುವಳು, ಮಗಳ ಸಾಲೆಯೂ ಉಳಿಯುವುದು. ಇಲ್ಲವಾದರೆ ಇಬ್ಬರೂ ಲಾರಿ ಹತ್ತುವರು.

ಸಂಘದಿಂದ ಅಬ್ದುಲ ಖಾದರ ಸಾಹೇಬರು ಬಂದರು. ನಿಷ್ಠುರರಲ್ಲ, ಆದರೆ ಗಡಿಯಾರದ ಮನುಷ್ಯ. ಟೈಪು ಮಾಡಿಸಬೇಕಾದ ಕನ್ನಡ ಪುಟವನ್ನು ಬರೆದುಕೊಡಲು ನನ್ನನ್ನು ಕರೆಸಿದ್ದರು. ನಾನು ಬರೆದದ್ದನ್ನು ಯಾರೂ ಓದಲಾರರೆಂದು ಬಾಯಾರು ಹಿಂದಿನ ದಿನವೇ ಅಚ್ಚು ಮಾಡಿಟ್ಟಿದ್ದರು. ಎಲ್ಲರೂ ಒಂದೇ ಹೊತ್ತಿಗೆ ಶುರುಮಾಡಿ ಒಂದೇ ಹೊತ್ತಿಗೆ ಮುಗಿಸಬೇಕೆಂಬುದು ಸಂಘದ ನಿಯಮ. ಯಂತ್ರಕ್ಕೊಬ್ಬರಂತೆ ಚೀಟಿ ಎತ್ತಿದಾಗ ಸುಭದ್ರೆಗೆ ಮೂಲೆಯದು ಬಂತು, ಬಿಡಿ ಯಂತ್ರ ಒಂದೂ ಉಳಿಯಲಿಲ್ಲ. ಬಾಗಿಲಲ್ಲಿ ಶಾಲುಬಾಯಿ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಾಯುತ್ತಿದ್ದಳು.

ಶುರುವಾಗಿ ತುಸು ಹೊತ್ತಿಗೇ ಸುಭದ್ರೆ ಕೈಯೆತ್ತಿದಳು. ಪರದೆ ಹಿಡಿದುಕೊಂಡಿತ್ತು, ಅವಳು ಒತ್ತಿದ ಅಕ್ಷರ ಮೂಡುತ್ತಿರಲಿಲ್ಲ. ಬಾಯಾರು ಗೋಡೆ ಸವರುತ್ತ ಬಂದರು, ಎಂದಿನಂತೆ ಮೂರು ಗುಂಡಿ ಒತ್ತಿದರು, ಪರದೆ ಕಪ್ಪಾಯಿತು. ಇಲ್ಲಿಯೇ ಎಡವಟ್ಟಾದದ್ದು. ನಮ್ಮ ಕಡೆ ಹೋದ ಕರೆಂಟು ಸುಮ್ಮನೆ ಬರುವುದಿಲ್ಲ, ಝಟಕಾ ಹೊಡೆದು ಬರುತ್ತದೆ. ಟೀವಿ, ಫ್ರಿಜ್ಜು, ಬೋರಿನ ಮೋಟಾರು ಸುಟ್ಟು ಬೂದಿಯಾಗದ ಮನೆಯಿಲ್ಲ. ಆದ್ದರಿಂದ ಬೆಳಕು ಹೋದೊಡನೆ ಓಡಿಹೋಗಿ ಮೇನ್ ಇಳಿಸಲು ಮನೆಗೊಬ್ಬರು ನೇಮಕವಾಗಿರುತ್ತಾರೆ. ಬಾಯಾರ ಸಾಲೆಯಲ್ಲಿ ಆ ಪದವಿ ಗೋರಖನಾಥನದು. ಹಿಂದೆ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ, ಈಗ ಎಲ್ಲ ಕೆಲಸಕ್ಕೂ ಇರುವ, ಮೊಮ್ಮಕ್ಕಳ ಅಜ್ಜ. ಬಾಗಿಲ ಬಳಿಯ ಸ್ಟೂಲಿನಿಂದ ಕಪ್ಪಾದ ಪರದೆಯನ್ನು ಕಂಡದ್ದೇ ತಡ, ಇನ್ವರ್ಟರೂ ಕೈಕೊಟ್ಟಿತೆಂದು ಒಂದೇ ನೆಗೆತಕ್ಕೆ ಮೇನನ್ನೂ ಇನ್ವರ್ಟರನ್ನೂ ಇಳಿಸಿಬಿಟ್ಟ. ಬಾಯಾರ ಅಡಿಗೆಮನೆ ಅವನಿಗೆ ಹೊಸದಲ್ಲ, ದಿನವೂ ನೋಡಿದ್ದ. ಪರೀಕ್ಷೆಯ ಗಾಬರಿಯಲ್ಲಿ ತಲೆಗಿಂತ ಮೊದಲು ಕಾಲು ಓಡಿತ್ತು. ಯಂತ್ರಗಳೆಲ್ಲ ಒಟ್ಟಿಗೇ ಆರಿದವು. "ಎವ್ವಾ! ಕರೆಂಟ್ ಹೋಗಿದ್ದಿಲ್ಲಲ್ರಿ!" ಎಂದು ಅವನೇ ಹಣೆ ಬಡಿದುಕೊಂಡು ಅಲ್ಲಿಯೇ ಕುಸಿದ.

ಖಾದರ ಸಾಹೇಬರು ಕೈಗಡಿಯಾರ ನೋಡಿದರು. "ಕೋಯಿ ಬಾತ್ ನಹಿ. ಎಲ್ಲರೂ ಹೊಸದಾಗಿ ಶುರು ಮಾಡ್ರಿ. ಆದ್ರ ನಂಗ ಮಧ್ಯಾಹ್ನದ ಗಾಡಿಗಿ ಹೋಗ್ಬೇಕದ, ಭಾಳ ಹೊತ್ತು ಕಾಯಾಕ ಆಗಂಗಿಲ್ರಿ ಬಾಯಾರ" ಎಂದರು. ಮೇನ್ ಮತ್ತೆ ಏರಿತು, ಯಂತ್ರಗಳು ಒಂದೊಂದಾಗಿ ಕಣ್ಣು ಬಿಟ್ಟವು. ಮೂಲೆಯದು ಮಾತ್ರ ಗುಪ್ತಪದ ಕೇಳುತ್ತಿತ್ತು, ಕೊಟ್ಟರೆ ಒಮ್ಮೆ ಮಿಟುಕಿಸಿ ಮತ್ತೆ ಗುಪ್ತಪದವನ್ನೇ ಕೇಳುತ್ತಿತ್ತು. ಒಳಗೆ ಬಿಡದು, ಹೊರಗೂ ಕಳಿಸದು. ಸುಭದ್ರೆ ಮತ್ತೆ ಮತ್ತೆ ಕೊಟ್ಟಳು. ಬಾಯಾರು ಅವಳ ಕೈಯನ್ನು ಮೆಲ್ಲಗೆ ಸರಿಸಿ ಕರಿ ಪುಟಕ್ಕೆ ಹೋದರು, ಒಂದು ಸಾಲು ಬರೆದು ಕೇಳಿದರು, ಯಂತ್ರ ಉತ್ತರ ಕೊಟ್ಟಿತು. ನಾನು ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ, ನನಗೇನೂ ತಿಳಿಯಲಿಲ್ಲ.

"ಹೊಟ್ಟಿ ತುಂಬಿ ಬಿರಿಲತ್ತದ್ರಿ" ಎಂದರು ಬಾಯಾರು. "ಒಂದಕ್ಷರ ಇಡ್ಲಿಕ್ಕೂ ಒಳಗ ಜಾಗ ಇಲ್ಲ. ಅದಕ್ಕೇ ಮೊದಲ ಜಾಮ್ ಆಗಿತ್ತು, ಅದಕ್ಕೇ ಈಗ ಪಡಸಾಲಿಗಿ ಬಿಡವಲ್ದು."

"ಹಂಗಾದ್ರ ಅಡಿಗಿಮನ್ಯಾಗೇ ಬರಸ್ರಿ ಬಾಯಾರ" ಎಂದ ಗೋರಖನಾಥ, ಅಳುವ ದನಿಯಲ್ಲಿ.

"ಅಡಿಗಿಮನಿಗಿ ಕನ್ನಡ ಬರಂಗಿಲ್ಲೋ ಗೋರಖ. ಕನ್ನಡಕ್ಕ ಪಡಸಾಲೀನೇ ಬೇಕು. ಜಾಗ ಮಾಡ್ಬೇಕು."

ಆ ಯಂತ್ರದ ಹೊಟ್ಟೆಯಲ್ಲಿ ಏನಿತ್ತೆಂಬುದು ಆ ಕೋಣೆಯಲ್ಲಿ ನನಗೂ ಗೋರಖನಾಥನಿಗೂ ಗೊತ್ತಿತ್ತು. ಒಂದು ವರ್ಷದಿಂದ, ಇಸ್ಪೀಟು ಬಿಟ್ಟು, ಪ್ರತಿ ಮಧ್ಯಾಹ್ನ ಬಾಯಾರು ಮೊಬೈಲನ್ನು ಡಬ್ಬಿಯ ಮೇಲೆ ನಿಲ್ಲಿಸಿ ತಮ್ಮ ಪಾಠಗಳನ್ನು ತಾವೇ ಚಿತ್ರೀಕರಿಸುತ್ತಿದ್ದರು. ಬಟ್ಟೆಯ ಕೆಳಗೆ ಬೆರಳು ಹೇಗೆ ಕೂಡಿಸಬೇಕು ಎಂಬಲ್ಲಿಂದ ಒಳಮನೆ ಹೊರಮನೆಯ ಗುಟ್ಟಿನತನಕ, ಬೀದರ ಜಿಲ್ಲೆಯ ಅಪ್ಪಟ ಮಾತಿನಲ್ಲಿ, ಅವರ ಜೀವಮಾನದ ವಿದ್ಯೆಯೆಲ್ಲ ಅದರಲ್ಲಿತ್ತು. ಗುಳೆ ಹೋದ ಹುಡುಗಿಯರು ಎಲ್ಲೇ ಇದ್ದರೂ ಮೊಬೈಲಿನಲ್ಲಿ ನೋಡಿ ಕಲಿಯಲಿ ಎಂಬುದು ಅವರ ಆಸೆ. ನಿಜಾಮೋದ್ದೀನ ಹಿಂದಿನ ವಾರವಷ್ಟೇ ಬಂದು ತುಣುಕುಗಳನ್ನೆಲ್ಲ ಹೊಲಿದು ಒಂದೇ ದೊಡ್ಡ ಕಡತ ಮಾಡಿಟ್ಟಿದ್ದ. ಬಿಡಿ ತುಣುಕುಗಳು ಮೊಬೈಲಿನಲ್ಲೂ ಯಂತ್ರದಲ್ಲೂ ಅಳಿಸಿ ಹೋಗಿದ್ದವು. ಬರುವ ವಾರ ದೊಡ್ಡ ಡಿಸ್ಕು ತಂದು ಒಯ್ಯುವವನಿದ್ದ. ಆ ಕಡತ ಬಿಟ್ಟರೆ ಅಲ್ಲಿ ತೆಗೆಯುವಂಥದೇನೂ ಇರಲಿಲ್ಲ.

"ಪೆನ್‌ಡ್ರೈವಿಗಿ ಹಾಕ್ಕೋರಿ" ಎಂದ ಗೋರಖನಾಥ.

"ತಾಸುಗಟ್ಟಲೆ ಹಿಡೀತದ. ಅದರಾಗ ಹಿಡಿಸಂಗಿಲ್ಲ ಬ್ಯಾರೆ."

ನಾನೂ ಏನೋ ಹೇಳಲು ಬಾಯಿ ತೆರೆದೆ. ಪಡಸಾಲೆಯಲ್ಲಿ ಏನನ್ನಾದರೂ ಅಳಿಸಹೋದರೆ ಯಂತ್ರ ಮರ್ಯಾದೆಯಿಂದ ಕೇಳುತ್ತದೆ, ಖಚಿತವೇ ಎಂದು. ಹೌದೆಂದರೂ ಬುಟ್ಟಿಯಲ್ಲಿಟ್ಟುಕೊಂಡು ಕಾಯುತ್ತದೆ, ಮನಸ್ಸು ತಿರುಗಿದರೆ ಇರಲಿ ಎಂದು. ಒಳಮನೆಯಲ್ಲಿ ಆ ಉಪಚಾರವಿಲ್ಲ. ಬರೆದು ಗುಂಡಿ ಒತ್ತಿದರೆ ಹೋಯಿತು, ಬುಟ್ಟಿಯೂ ಇಲ್ಲ, ಪ್ರಶ್ನೆಯೂ ಇಲ್ಲ. ಇದನ್ನು ನನಗೆ ಕಲಿಸಿದವರು ಅವರೇ. ನಾನು ಬಾಯಿ ತೆರೆದದ್ದಷ್ಟೇ. ಅವರ ಬೆರಳುಗಳು ಒಂದು ಗಿಡ್ಡ ಸಾಲನ್ನು ಬರೆದು ಒತ್ತಿಬಿಟ್ಟಿದ್ದವು. ಯಂತ್ರ ಏನೂ ಅನ್ನಲಿಲ್ಲ. ಮಿನುಗುವ ಗೆರೆ ಮುಂದಿನ ಸಾಲಿಗೆ ಬಂದು ನಿಂತಿತು. ಎಲ್ಲಿ ಹೋಗ್ತದ್ರಿ ಎನ್ನುವ ತಮ್ಮ ಮಾತನ್ನು ಅವರು ಅಂದು ಆಡಲಿಲ್ಲ, ಏಕೆಂದರೆ ಅದು ನಿಜವಾಗಿಯೂ ಹೋಗಿತ್ತು.

"ಬಾಯಾರ!" ಎಂದೆ, ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

"ಪಾಠ ಹೋಗ್ಲಿರಿ ಮಾಸ್ತರ" ಎಂದರು, ತಿರುಗಿ ನೋಡದೆ. "ಕಲತಾಕಿ ಇಲ್ಲೇ ಕುಂತಾಳಲ್ಲ." ಮೂರು ಗುಂಡಿ ಒತ್ತಿದರು. ಗುಪ್ತಪದ ಕೊಟ್ಟರು. ಪರದೆಯ ಮೇಲೆ ಬಣ್ಣಗಳು ಬಂದು ಹರಡಿದವು. ಎದ್ದು, ಕುರ್ಚಿ ಸರಿಸಿ, ಸುಭದ್ರೆಯ ಕೈಗಳ ಮೇಲೆ ತಾವೇ ಬಟ್ಟೆ ಹೊದಿಸಿ, "ನಡಿಸ್ರಿ ಸಾಹೇಬ್ರ" ಎಂದು ಖಾದರ ಸಾಹೇಬರಿಗೆ ಹೇಳಿ, ಬಾಗಿಲಿಗೆ ಹೋಗಿ ಗೋರಖನಾಥನ ಹೆಗಲ ಮೇಲೆ ಕೈಯಿಟ್ಟು ನಿಂತರು. ಜೇಬಿನಿಂದ ಹುರಿಗಡಲೆ ತೆಗೆದು ಅವನಿಗಷ್ಟು, ಶಾಲುಬಾಯಿಯ ಮೊಮ್ಮಗಳಿಗಷ್ಟು ಕೊಟ್ಟರು. ನನಗೆ ಕಣ್ಣು ತುಂಬಿ ಬಂದು, ನನ್ನದೇ ಪುಟವನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದೆನಂತೆ. ಆಮೇಲೆ ಖಾದರ ಸಾಹೇಬರು ಹೇಳಿದರು.

ಸುಭದ್ರೆ ಆ ದಿನ ಬಾರಿಸಿದ್ದನ್ನು ನಾನು ಎಂದಿಗೂ ಮರೆಯಲಾರೆ. ಬೇರೆಯವರ ಪರದೆಗಳಲ್ಲಿ ಅರ್ಧ ಪುಟ ಮೂಡುವಷ್ಟರಲ್ಲಿ ಅವಳದು ಮುಗಿದಿತ್ತು. ಖಾದರ ಸಾಹೇಬರು ತಪ್ಪು ಹುಡುಕಿ ಹುಡುಕಿ, ಕನ್ನಡಕ ತೆಗೆದು ಒರೆಸಿಕೊಂಡು, "ಸೋಮವಾರ ಬೀದರಿಗಿ ಬಾರವ್ವ, ಕೆಲಸಕ್ಕ" ಎಂದರು. ಬಾಯಾರು ಅವಳ ತಲೆ ಸವರಿದರು.

ಸಂಜೆಗೆ ಹಲಬರ್ಗಾದ ಲಾರಿ ಭಾಲ್ಕಿಯ ಬಸ್ ನಿಲ್ದಾಣದ ಎದುರು ಬಂದು ನಿಂತಿತು. ಬಾಯಾರೂ ನಾನೂ ಮಚ್ಛೇಂದ್ರನಿಗೆ ಸುದ್ದಿ ಹೇಳೋಣವೆಂದು ಹೋದೆವು. ಹೇಳುವುದರೊಳಗೆ ಅವನಿಗೆ ತಿಳಿದಿತ್ತು, ನಗುತ್ತಲೂ ಇದ್ದ. ಆದರೆ ಆಳುಗಳನ್ನು ಒಯ್ಯುವ ಮುಕದಮ್ ನಗುತ್ತಿರಲಿಲ್ಲ. ಒಂದು ಕೈಯ ಕೊಯ್ತಾ ತನಗೆ ಬೇಡ, ಜೋಡಿ ಇಲ್ಲವೆಂದರೆ ಇಳಿದುಬಿಡು ಎಂದು ಅವನ ಪಟ್ಟು. ಗಂಡ ಇಳಿದರೆ ಆ ವರ್ಷ ಹೊಲವೂ ಇಲ್ಲ, ಕೂಲಿಯೂ ಇಲ್ಲ. ಸುಭದ್ರೆ ಒಮ್ಮೆ ಗಂಡನನ್ನು, ಒಮ್ಮೆ ಬಾಯಾರನ್ನು ನೋಡಿದಳು. ಅವಳ ಕಾಲು ಲಾರಿಯ ಕಡೆಗೆ ಎದ್ದಿತ್ತು. ಅಷ್ಟರಲ್ಲಿ ಜನರ ನಡುವಿನಿಂದ ಶಾಲುಬಾಯಿ ಬಂದಳು. ಮೊಮ್ಮಗಳ ಕೈಯನ್ನು ಸೊಸೆಯ ಕೈಗೆ ಕೊಟ್ಟಳು, ಸೊಸೆಗೆಂದು ಕಟ್ಟಿಟ್ಟಿದ್ದ ಗಂಟನ್ನು ಎತ್ತಿ ಲಾರಿಯೊಳಗೆ ಒಗೆದಳು, ಸೆರಗನ್ನು ಸೊಂಟಕ್ಕೆ ಬಿಗಿದು ಚಕ್ರದ ಮೇಲೆ ಕಾಲಿಟ್ಟಳು.

ಬಾಯಾರು ಮುಂದೆ ಹೋಗಿ ಅವಳ ರೆಟ್ಟೆ ಹಿಡಿದರು. "ಶಾಲುಬಾಯಿ, ಈ ವಯಸ್ಸಿನಾಗ ಹ್ಯಾಂಗ ಆಗ್ತದ್ರಿ? ಇನ್ನೊಮ್ಮಿ ವಿಚಾರ ಮಾಡ್ರಿ."

ಶಾಲುಬಾಯಿ ಮೇಲಿನಿಂದ ಬಾಗಿ ನೋಡಿದಳು. ಬೆಳಗ್ಗೆ ಬಾಗಿಲಲ್ಲಿ ಕೂತು ಅವಳು ಎಲ್ಲವನ್ನೂ ನೋಡಿದ್ದಳೆಂಬುದು ನನಗೆ ಆಗ ಹೊಳೆಯಿತು.

"ಮುಂಜಾನಿ ನೀವು ವಿಚಾರ ಮಾಡಿದ್ರೇನ್ರಿ ಬಾಯಾರ?" ಎಂದಳು.

ಶಿವಕಾಂತಾ ಬಾಯಾರು ಹಿಡಿದ ರೆಟ್ಟೆಯನ್ನು ಬಿಟ್ಟರು. ಬಿಟ್ಟ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡರು. ಲಾರಿ ಹೋದ ಮೇಲೂ ಬಹಳ ಹೊತ್ತು ರಸ್ತೆಯ ಧೂಳಿನಲ್ಲಿ ಹಾಗೆಯೇ ನಿಂತಿದ್ದರು.

ಲೋಕಕ್ಕೆ ಕಾಣುವುದು ಪಡಸಾಲೆ ಮಾತ್ರ. ಯಾರ ಹೆಸರು ಅಚ್ಚಾಯಿತು, ಯಾರಿಗೆ ನೌಕರಿಯಾಯಿತು, ಯಾವ ಪರದೆ ಬೆಳಗಿತು ಎಂಬುದಷ್ಟೇ ನಾವು ನೋಡಿ ತಲೆದೂಗುವುದು, ನಾವು ಬರೆಯುವ ಮಂದಿಯಂತೂ ಅದನ್ನೇ ಬರೆದು ಬದುಕುವುದು. ಆದರೆ ಬೆಳಕು ಕೆಟ್ಟ ಗಳಿಗೆಯಲ್ಲಿ ಒಳಗೆ ಎದ್ದುಹೋಗುವ ಜನ ಒಂದಿಷ್ಟಿದ್ದಾರೆ, ಈ ನೆಲದಲ್ಲಿ ಬಹುಶಃ ಬೇರೆಡೆಗಿಂತ ಹೆಚ್ಚು. ಇನ್ನೊಬ್ಬರಿಗೆ ಜಾಗವಾಗಲೆಂದು ತಮ್ಮದೊಂದನ್ನು ಒಂದೇ ಸಾಲಿನಲ್ಲಿ ಅಳಿಸಿ, ಏನೂ ಆಗದವರ ಹಾಗೆ ಹೊರಗೆ ಬಂದು ನಿಲ್ಲುವವರು. ಖಚಿತವೇ ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಾವು ಕೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅವರು ಮುಗಿಸಿ ಎದ್ದಿರುತ್ತಾರೆ.